ಮೂರನೆಯ ಓದು

ನಮ್ಮ ಕಡೆ ಓದು ಬಾರದವರದೊಂದು ಕ್ರಮವಿತ್ತು. ಕಚೇರಿಯ ಕಾಗದವನ್ನು ಹೊಸನಗರದಲ್ಲೊಬ್ಬರು, ಸಾಗರದಲ್ಲೊಬ್ಬರು, ತೀರ್ಥಹಳ್ಳಿಯಲ್ಲೊಬ್ಬರು ಓದಬೇಕು. ಮೂವರ ಮಾತೂ ಒಂದೇ ಆದರೆ ಮಾತ್ರ ನಂಬಿಕೆ. ಅರವತ್ತರ ದಶಕದಲ್ಲಿ, ಹೊಸನಗರದ ಹತ್ತಿರ ಅಣೆಕಟ್ಟಿನ ನೀರಿಗೆ ಮುಳುಗಡೆಯಾಗಲಿದ್ದ ಊರಿನಲ್ಲಿ ಮೇಷ್ಟ್ರಾಗಿದ್ದ ನನಗೆ ಇದು ಅವಮಾನವೆಂದೇ ಅನ್ನಿಸುತ್ತಿತ್ತು.

ಪಕ್ಕದ ಮನೆಯ ಗೇಣಿದಾರ ವಿಧವೆ ಮನೆ ಬಿಡುವ ನೋಟೀಸು ತಂದಾಗ ಅವಳ ಗದ್ದೆಯಲ್ಲಿ ತೆನೆಗೆ ಹಾಲು ತುಂಬುತ್ತಿತ್ತು. ಕೊಯ್ಲಿಗೆ ಇನ್ನೊಂದು ತಿಂಗಳು. ಇಂಗ್ಲಿಷ್ ಕಾಗದದ ಕೊನೆಯಲ್ಲಿ ‘ಫೋರ್ತ್‌ವಿತ್’ ಎಂದಿತ್ತು. ಮನೆತನ ವಿಚಾರಿಸದೆ ಯಾರನ್ನೂ ಜಗಲಿಗೆ ಹತ್ತಿಸದವನು ನಾನು. ಈ ಪದವನ್ನು ಅದರ ಮೂಲ ವಿಚಾರಿಸದೆ ಹೇಗೆ ನಂಬಲಿ? ನಿಘಂಟು ತೆಗೆದೆ. ‘ಫೋರ್ತ್’ ಎಂದರೆ ಮುಂದಕ್ಕೆ, ‘ವಿತ್’ ಎಂದರೆ ಜೊತೆ. ಹಿಂದೊಮ್ಮೆ ಅದಕ್ಕೆ ‘ಜೊತೆಜೊತೆಗೆ’ ಎಂದೇ ಅರ್ಥವಿತ್ತಂತೆ. ಕೆಳಗಿನ ಸಾಲಿನಲ್ಲಿ ಈಗಿನ ಅರ್ಥವೂ ಇತ್ತು: ತಡಮಾಡದೆ. ಅವಳ ಪೈರು ನೆನೆದು ಅದನ್ನು ನುಂಗಿಕೊಂಡೆ.

“ಎಲ್ರೂ ಹೊರಡುವಾಗ ನೀನೂ ಹೊರಟ್ರೆ ಸಾಕು. ಕೊಯ್ಲು ಮುಗಿಸು” ಎಂದೆ.

ಅವಳು ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದಳು. “ಮೇಷ್ಟ್ರೆ, ಇದ್ರಲ್ಲಿ ಇರೋದು ಹೇಳ್ತಿದೀರಾ, ನಿಮಗೆ ಬೇಕಾದ್ದು ಹೇಳ್ತಿದೀರಾ?”

ನನಗೆ ಸಿಟ್ಟು ಬಂತು. ಸಿಕ್ಕಿಬಿದ್ದವನಿಗೆ ಬರುವ ಸಿಟ್ಟು ಅದು. “ನಂಬಿಕೆ ಇಲ್ದಿದ್ರೆ ಬೇರೆಯವರ ಹತ್ರ ಓದಿಸ್ಕೋ” ಎಂದುಬಿಟ್ಟೆ. ಮಾರನೆಯ ದಿನ ಸಾಗರದ ಬಸ್ಸು ಹತ್ತಿದಳು, ಅದರ ಮರುದಿನ ತೀರ್ಥಹಳ್ಳಿಯ ಬಸ್ಸು. ಎರಡೂ ಕಡೆ ‘ತಕ್ಷಣ’ ಎಂದರಂತೆ. ನನಗೊಂದು ಮಾತೂ ಹೇಳದೆ, ಹಸಿ ಪೈರು ಬಿಟ್ಟು, ದನ ಹೊಡೆದುಕೊಂಡು ಹೋದಳು. ನಾನು ಯಾರ ಕಡೆಯವನೆಂದು ಅವಳು ದಾರಿಯುದ್ದಕ್ಕೂ ಯೋಚಿಸಿರಬೇಕು.

ಹದಿನೈದು ದಿನಕ್ಕೆ ನೀರು ಗದ್ದೆಯ ಬದು ದಾಟಿತು. ಅಂಥದೇ ನೋಟೀಸನ್ನು ನನ್ನಿಂದ ಓದಿಸಿಕೊಂಡು, ನನ್ನ ಮಾತು ನಂಬಿ ಉಳಿದಿದ್ದ ಇನ್ನೊಂದು ಮನೆಯವರು ಸೊಂಟದವರೆಗಿನ ನೀರಿನಲ್ಲಿ ದನ ಎಳೆದುಕೊಂಡು ಬಂದರು. ಒಂದು ಕರು ಬರಲಿಲ್ಲ. ಅವರೆದುರು ಕಣ್ಣೆತ್ತಲಾಗದೆ ನಾಚಿಕೆಯಿಂದ ಕುಗ್ಗಿಹೋದೆ.

ಮುಂದೆ ನನಗೆ ಸಾಗರದ ಕಡೆಗೆ ವರ್ಗವಾಯಿತು. ಅಲ್ಲೇ ನೆಲೆಸಿದ್ದ ಅವಳು ಒಂದು ಮಧ್ಯಾಹ್ನ ಕಾಗದ ಹಿಡಿದು ಬಂದಳು. ಮಗಳು ಬರೆದದ್ದು, ಬಾಣಂತನದ ಸುದ್ದಿ. ಓದಿದೆ. ಅವಳು ಒಂದೊಂದು ಸಾಲಿಗೂ ತಲೆಯಾಡಿಸಿ, “ಸರಿ, ಹೊಸನಗರದವ್ರು, ತೀರ್ಥಹಳ್ಳಿಯವ್ರು ಇಬ್ರೂ ಹಿಂಗೇ ಓದಿದ್ರು” ಎಂದು ಕಾಗದ ಮಡಚಿಕೊಂಡಳು.

ಅದು ಕಚೇರಿಯ ಕಾಗದವಾಗಿರಲಿಲ್ಲ, ಕನ್ನಡದಲ್ಲಿತ್ತು.