ಅತ್ತೆಯ ಚುಕ್ಕೆಗೊಂದು ಗೆರೆ

ರಾಮನಗರದಲ್ಲಿ ಎಂ.ಎ. ಓದುವಾಗ ಸಾಮಾಜಿಕ ಜಾಲ ವಿಶ್ಲೇಷಣೆ ಅನ್ನುವ ಪಾಠ ನನ್ನ ತಲೆಗೆ ಹತ್ತಲೇ ಇಲ್ಲ. "ಮನೆಗೊಂದು ಚುಕ್ಕೆ ಇಡಿ, ಕೊಡುವವರಿಂದ ಪಡೆಯುವವರಿಗೆ ಗೆರೆ ಎಳೆಯಿರಿ, ಊರಿನ ಸಂಬಂಧವೆಲ್ಲ ಕಣ್ಣಿಗೆ ಕಾಣುತ್ತೆ" ಅಂದರು ಮೇಷ್ಟ್ರು. ಹೇಳೋದು ಸುಲಭ! ಕೈಲಾಂಚದ ಹತ್ತಿರ ಸೋದರತ್ತೆಯ ಮನೆಯಲ್ಲಿದ್ದೆ; ಅವಳ ಬೀದಿಯನ್ನೇ ಆರಿಸಿಕೊಂಡೆ.

"ನಿಮಗೆ ಯಾರು ಆಪ್ತರು?" ಅಂತ ಕೇಳಿದರೆ, ಪಕ್ಕದಲ್ಲಿ ಕೂತವರಿಗೆ ಬೇಜಾರಾದೀತೆಂದು ಎಲ್ಲರೂ ಎಲ್ಲರ ಹೆಸರನ್ನೂ ಹೇಳಿಬಿಟ್ಟರು. ಹಾಳೆ ಪೂರ್ತಿ ಗೆರೆ ತುಂಬಿ ಕರ್ರಗಾಯಿತು. ಮೇಷ್ಟ್ರು ಚೆನ್ನಾಗಿ ಉಗಿದರು. ಪ್ರಶ್ನೆ ಬದಲಿಸಿದೆ: "ಮೊಸರಿಗೆ ಹೆಪ್ಪು ಇಲ್ಲದಿದ್ದರೆ ಯಾರ ಮನೆಯಿಂದ ತರ್ತೀರಿ?" ಇದಕ್ಕೆ ಯಾರೂ ಸುಳ್ಳು ಹೇಳಲಿಲ್ಲ. ನಕ್ಷೆ ಮುದ್ದಾಗಿ ಬಂತು.

ಅತ್ತೆ ಬಗ್ಗಿ ನೋಡಿದಳು. "ಇದ್ಯಾವಳೇ, ಮೂಲೇಲಿ ಒಬ್ಳೇ ಕುಂತವ್ಳೆ? ಯಾರ್ಗೂ ಬ್ಯಾಡ್ವಾ?"

"ನೀನೇ ಕಣತ್ತೆ."

ಅವಳ ಮುಖ ಸಪ್ಪಗಾಯಿತು.

"ಒಂದ್ ಗೆರೆ ಎಳ್ದಾಕೇ. ನಿನ್ ಗಂಟೇನ್ ಹೋದದು?"

"ಸುಳ್ಳು ಗೆರೆ ಎಳೆಯೋ ಹಾಗಿಲ್ಲತ್ತೆ. ಮೇಷ್ಟ್ರು ಫೇಲ್ ಮಾಡ್ತಾರೆ."

ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ಸಂಜೆ ಬಟ್ಟಲು ಹಿಡಿದು ಎದುರು ಮನೆಗೆ ಹೊರಟೇಬಿಟ್ಟಳು. ಅಯ್ಯೋ ದೇವರೇ! ಅದು ಅವಳ ವಾರಗಿತ್ತಿಯ ಮನೆ. ಅವರ ಎಮ್ಮೆ ನಮ್ಮ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದಾಗ ಅತ್ತೆ ಆಡಿದ ಮಾತಿಗೆ ಎರಡೂ ಮನೆಗೆ ಮಾತುಕತೆ ನಿಂತು ವರ್ಷಗಳಾಗಿದ್ದವು. ಅಷ್ಟಕ್ಕೂ ನಮ್ಮ ಫ್ರಿಜ್ಜಿನಲ್ಲಿ ಪಾತ್ರೆ ತುಂಬ ಮೊಸರಿತ್ತು. ನಾನು ನಮ್ಮ ಬಾಗಿಲಲ್ಲೇ ನಿಂತು ಕಿವಿಯೊಡ್ಡಿದೆ.

"ಅಕ್ಕಾ, ಒಸಿ ಹೆಪ್ಪು ಕೊಡ್ತೀಯಾ?"

ಒಳಗಿಂದ ವಾರಗಿತ್ತಿಯ ಗಂಟಲು: "ದೀಪ ಹಚ್ಚಿದ ಮ್ಯಾಲೆ ಯಾರಾದ್ರೂ ಹೆಪ್ಪು ಕೊಟ್ಟಾರಾ? ಬುದ್ಧಿ ಐತಾ ನಿಂಗೆ?"

ಮುಗಿಯಿತು ಕಥೆ, ಅತ್ತೆ ಈಗ ಅಳುತ್ತಾ ಬರುತ್ತಾಳೆ ಅಂದುಕೊಂಡೆ.

"ಬಾಗ್ಲಲ್ಲೇನ್ ನಿಂತ್ಕಂಡೆ? ಒಳೀಕ್ ಬಾ. ಉಪ್ಸಾರು ಮಾಡಿವ್ನಿ, ಉಂಡ್ಕಂಡು ಹೋಗೀವಂತೆ," ಅಂದಳು ವಾರಗಿತ್ತಿ.

ನಾನು ಹಸಿದು ಕಾದೆ, ಕಾದೆ, ಅತ್ತೆಯ ಸುಳಿವಿಲ್ಲ. ಎದುರು ಮನೆಯಿಂದ ನಗು ಮಾತ್ರ ಕೇಳುತ್ತಿತ್ತು.

ಹೆಪ್ಪು ಕೊಡಲಿಲ್ಲವಾದ್ದರಿಂದ ಗೆರೆ ಎಳೆಯುವ ಹಾಗಿರಲಿಲ್ಲ. ಅತ್ತೆಯ ಚುಕ್ಕೆಯನ್ನು ಒಂಟಿಯಾಗಿಯೇ ಬಿಟ್ಟು ನಕ್ಷೆ ಒಪ್ಪಿಸಿದೆ. ಮೇಷ್ಟ್ರು ಮೆಚ್ಚಿಕೊಂಡರು. ಅತ್ತೆ ಗೆರೆಯ ವಿಚಾರ ಮತ್ತೆ ಎತ್ತಲೇ ಇಲ್ಲ. ಎತ್ತೋಕೆ ಮನೆಯಲ್ಲಿದ್ದರೆ ತಾನೇ? ಸಂಜೆಯಾದರೆ ಅವಳು ಎದುರು ಮನೆಯಲ್ಲಿ. ಇಲ್ಲಿ ಒಲೆ ಮುಂದೆ ಕೂತು ಮುದ್ದೆ ತಿರುವೋಳು ನಾನು.