ಮೈಯೆಲ್ಲ ಕಣ್ಣಿರುವ ಮಿಷನ್ನಿಗೆ ವಿಭೂತಿ

ಕಾರ್ತಿಕ ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಬರೆಯಲು ಕೂತೊಡನೆ ಕಣ್ಣಿಗೆ ಬಂದದ್ದು ನಮ್ಮೂರ ನೀರುಗಂಟಿ ತಾತನ ಬಲ ಅಂಗೈ. ವಾಲ್ವು ತಿರುಗಿಸುವ ಕಬ್ಬಿಣದ ಸರಳು ಹಿಡಿದು ಹಿಡಿದು ಅಂಗೈಗೆ ಅಡ್ಡಲಾಗಿ ಹಗ್ಗದಷ್ಟು ದಪ್ಪ ಜಡ್ಡು ಬಿದ್ದಿತ್ತು. "ಆಯಸ್ಸಿನ ಗೆರೆ ಇದ್ರಡೀಲಿ ಮುಚ್ಚೋಗದೆ. ಯಮ ಬಂದ್ರೂ ಓದಕ್ಕಾಗಲ್ಲ ಕಣವ್ವ" ಎನ್ನುತ್ತಿದ್ದರು.

ಕಟ್ಟೆಮಳಲವಾಡಿಯ ಆಚೆಗಿನ ಸಣ್ಣ ಊರು ನಮ್ಮದು. ಬೋರ್‌ವೆಲ್ ಮೋಟಾರು ಹಾಕಿ, ಟ್ಯಾಂಕ್ ತುಂಬಿಸಿ, ಬೀದಿಬೀದಿಗೆ ನೀರು ಬಿಡುವುದು ಅವರ ಕೆಲಸ. ಕರೆಂಟು ಬಂದಾಗ ಓಡಬೇಕು, ಹೋದಾಗ ಬೈಸಿಕೊಳ್ಳಬೇಕು. ಹಾಗಾಗಿ ಆ ಮೋಟಾರಿಗೆ ಸೋಲಾರ್ ಹಾಕಿದಾಗ ಖುಷಿಪಟ್ಟವರು ಅವರೊಬ್ಬರೇ.

"ಎಲ್ಲೋ ಕಲ್ಲಿದ್ಲು ಉರೀತಾನೇ ಇರ್ತದೆ, ಲೈನ್ ಕರೆಂಟು ಹೋದ್ರೂ ಬತ್ತದೆ. ಮೋಡ ಕವುಚ್ಕಂಡ್ರೆ ಇದ್ನ ಯಾರ್ನ ಕೇಳಾನ?" ಎಂದರು ಊರ ಅಂಗಡಿಯವರು.

"ಕಲ್ಲಿದ್ಲು ಬರಕ್ಕೆ ರೈಲು ಬೇಕು. ಸೂರ್ಯ ನಡ್ಕಂಡೇ ಬತ್ತಾನೆ ಕಣಯ್ಯಾ" ಎಂದರು ತಾತ.

ಟ್ಯಾಂಕ್ ತುಂಬಿ ಸುರಿಯುವ ಸದ್ದು ನಮ್ಮ ಮನೆಗೆ ಕೇಳುತ್ತದೆ. ಆ ಹೊತ್ತನ್ನೂ ಅಂದಿನ ಬಿಸಿಲನ್ನೂ ದಿನವೂ ಪುಸ್ತಕದಲ್ಲಿ ಬರೆಯುತ್ತಿದ್ದೆ. ನಾನು ಹುಣಸೂರಿಗೆ ಕಾಲೇಜಿಗೆ ಹೋದ ದಿನ ಅವ್ವ ಗುರುತಿಟ್ಟು ಹೇಳುತ್ತಿದ್ದಳು. ಹೆಚ್ಚುಕಡಿಮೆ ಹನ್ನೊಂದೂವರೆಗೆ ಸುರಿಯುತ್ತಿತ್ತು.

ಹೋದ ವರ್ಷದ ಆಯುಧಪೂಜೆ ಬಂತು. "ಪೂಜೆ ಕಾಣದ ಮಿಷನ್ನು ನಮ್ದಲ್ಲ ಬುಡಿ" ಎಂದರು ಬೀದಿಯ ಹೆಂಗಸರು. ತಾತ ಮಿಂದು ಏಣಿ ಹತ್ತಿ, ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಒಂದೊಂದು ಪ್ಯಾನೆಲ್ಲಿಗೂ ದಪ್ಪಗೆ ಎಳೆದರು, ನಡುವೆ ಕುಂಕುಮ ಇಟ್ಟರು. ಊರು ಮೊದಲ ಸಲ ಅದರ ಮುಂದೆ ಸೇರಿ ಕೈಮುಗಿಯಿತು. ಎಲ್ಲರ ಕೈಯಲ್ಲೂ ಫೋನು. "ತಾತ, ಒಸಿ ಪಕ್ಕಕ್ಕೆ ಬನ್ನಿ, ಫೋಟೊಗೆ ಅಡ್ಡ ಆಯ್ತೀರಿ" ಎಂದು ಯಾರೋ ಕೂಗಿದರು. ಅವರು ನಗುತ್ತಾ ಸರಿದರು.

ಮಾರನೆಯ ದಿನದಿಂದ ಟ್ಯಾಂಕ್ ತುಂಬಲಿಲ್ಲ. ಐದು ದಿನ ಬಿಂದಿಗೆಗಳ ಜಗಳ. ಭಾನುವಾರ ಸಭೆ ಸೇರಿ ಸೋಲಾರ್ ಕಿತ್ತುಹಾಕುವುದೆಂದು ಮಾತಾಯಿತು. ಶನಿವಾರ ನಾನು ಪುಸ್ತಕ ಹಿಡಿದು ಪಂಪ್‌ಹೌಸಿಗೆ ಹೋದೆ.

"ಬಿಸಿಲು ಹೆಂಗಿತ್ತು ಅಂತ ಬರ್ದಿದ್ದೀಯ?"

"ಐದು ದಿನವೂ ಚೆನ್ನಾಗಿತ್ತು ತಾತ."

"ಯಾವತ್ತಿಂದ ತುಂಬಿಲ್ಲ?"

"ಪೂಜೆಯ ಮಾರನೆ ದಿನದಿಂದ."

ತಾತ ಮೇಲೆ ನೋಡಿದರು. ಆಮೇಲೆ ಏಣಿ ತಂದು, ಒದ್ದೆ ಬಟ್ಟೆಯಲ್ಲಿ ಒಂದೊಂದು ಪ್ಯಾನೆಲ್ಲನ್ನೂ ಒರೆಸಿದರು. ಪೈಪಿನಲ್ಲಿ ನೀರಿನ ಸದ್ದು ಬಿರುಸಾಯಿತು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತಾತ ಸಭೆಯಲ್ಲಿ ಎದ್ದು ನಿಂತರು. "ತಪ್ಪು ಬಿಸಿಲಿಂದಲ್ಲ, ನಂದು. ಪೂಜೆ ಮಾಡಕ್ಕೋಗಿ ಅದ್ರ ಕಣ್ಣಿಗೇ ವಿಭೂತಿ ಬಳಿದ್ಬುಟ್ಟೆ."

"ಹಣೆ ಯಾವ್ದು ಕಣ್ಣು ಯಾವ್ದು ತಿಳೀನಿಲ್ವಾ?" ಎಂದು ಅಂಗಡಿಯವರು ಕೆಣಕಿದರು.

"ಅದ್ಕೆ ಮೈಯೆಲ್ಲ ಕಣ್ಣು ಕಣ್ಲಾ!"

ಸಭೆ ನಕ್ಕಿತು. ನಕ್ಕ ಮೇಲೆ ಕಿತ್ತುಹಾಕುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮೋಡದ ದಿನ ಮನೆಗೆ ಎರಡು ಬಿಂದಿಗೆ ಕಮ್ಮಿ ಹಿಡಿಯಬೇಕೆಂದು ತಾತ ಕೇಳಿಕೊಂಡದ್ದಕ್ಕೂ ಹೆಂಗಸರು ಒಪ್ಪಿದರು.

ಕಳೆದ ಮಾಘದಲ್ಲಿ, ನೀರು ಬಿಟ್ಟು ಬಂದು ಜಗಲಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಯಮನಿಗೆ ಓದಲು ಬಂದಿತ್ತು.

ಈ ಸಲದ ಆಯುಧಪೂಜೆಯಲ್ಲಿ ಯಾರೂ ಹೇಳದೆಯೇ ವಿಭೂತಿ ಕೆಳಗೆ ಕಬ್ಬಿಣದ ಕಾಲುಗಳಿಗೆ ಬಿತ್ತು. ಪ್ಯಾನೆಲ್‌ಗಳನ್ನು ನಾನೇ ಏಣಿ ಹತ್ತಿ ಒರೆಸಿದೆ. ಫೋಟೊ ತೆಗೆಯುವಾಗ ಪಕ್ಕಕ್ಕೆ ಸರಿಯಲು ಯಾರೂ ಇರಲಿಲ್ಲ.

ಟ್ಯಾಂಕ್ ಸುರಿದ ಹೊತ್ತುಗಳೆಲ್ಲ ನನ್ನ ಪುಸ್ತಕದಲ್ಲಿವೆ, ತಾತನ ಮುಖವಿಲ್ಲ. ಅವರ ಒಂದು ಫೋಟೊ ಕೂಡ ಊರಲ್ಲಿ ಸಿಕ್ಕಿಲ್ಲ. ಮೊದಲ ಪೂಜೆಯ ದಿನ ಹಬ್ಬಕ್ಕೆ ಬಂದ ನೆಂಟರಲ್ಲಿ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರೂ ಇದ್ದರು. ನಿಮ್ಮ ಫೋನಿನ ಚಿತ್ರದ ಅಂಚಿನಲ್ಲಿ ಅರ್ಧ ಹೆಗಲು, ಇಲ್ಲವೆ ಏಣಿ ಹಿಡಿದ ಒಂದು ಬಲಗೈ ಉಳಿದಿದ್ದರೆ ದಯವಿಟ್ಟು ನನಗೆ ಬರೆಯಿರಿ.