ಅಕ್ಕನ ಮೊಣಕಾಲಿನ ಕೊಂಡಿ

ಮೂಡಲಗಿಯಿಂದ ಆ ಮಷೀನು ಟಂಟಂ ಗಾಡಿಯಲ್ಲಿ ಧುಪದಾಳದ ನಮ್ಮ ಮನೆಗೆ ಬಂದಾಗ, ಕೆಳಗಿಳಿಸುವ ಮೊದಲೇ ನಾನು ಅದರಲ್ಲಿ ತಪ್ಪು ಹುಡುಕತೊಡಗಿದ್ದೆ. ನನ್ನ ಸ್ವಭಾವವೇ ಅಂಥದ್ದು. ಹೊಸ ಚಪ್ಪಲಿ ತಂದರೂ ಹೊಲಿಗೆ ಎಲ್ಲಿ ಬಿಡಬಹುದು ಎಂದು ಮೊದಲು ನೋಡುವವನು ನಾನು. ನೀರಿನ ಪಂಪು ರಿಪೇರಿ ಮಾಡುವ ನನ್ನ ಗೋಕಾಕದ ಅಂಗಡಿಗೆ ಬರುವ ರೈತರು ಈ ಸಂಶಯದ ಬುದ್ಧಿಯನ್ನೇ ಮೆಚ್ಚುತ್ತಾರೆ. ಮನೆಯಲ್ಲಿ ಮಾತ್ರ ಯಾರೂ ಮೆಚ್ಚುವುದಿಲ್ಲ.

ಅದು ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ತಾನೇ ಹಿಂದೆ ಮುಂದೆ ಸರಿದು ಲೋಹ ಕೊರೆಯುವ ಯಂತ್ರ. ಸಿಎನ್‌ಸಿ ಎನ್ನುತ್ತಾರೆ. ಕಾರ್ಖಾನೆಗಳಲ್ಲಿ ಕೋಣೆಯಷ್ಟು ದೊಡ್ಡದಿರುತ್ತದೆ. ಇದು ಹವ್ಯಾಸಕ್ಕೆಂದು ಮಾಡಿದ್ದು. ಹೊಲಿಗೆ ಯಂತ್ರಕ್ಕಿಂತ ಸ್ವಲ್ಪ ದೊಡ್ಡದು, ನನ್ನಂಥವನ ಕೈಗೂ ಎಟುಕುವಂಥದ್ದು. ಮೂಡಲಗಿಯಲ್ಲಿ ಒಬ್ಬರು ಇದರಿಂದ ಕಟ್ಟಿಗೆಯ ನಾಮಫಲಕ ಕೊರೆಯುತ್ತಿದ್ದರು. ಅವರು ಈಗ ದೊಡ್ಡದನ್ನು ತಂದಿದ್ದರಿಂದ ಇದನ್ನು ಮಾರಲು ಹೊರಟಿದ್ದರು.

"ಕಟಗಿ, ಅಲ್ಯುಮಿನಿಯಂ ಬೆಣ್ಣಿ ಹಂಗ ಕೊರೀತೈತ್ರಿ," ಎಂದಿದ್ದರು. "ಕಬ್ಬಿಣದ ಮಾತ ನನಗ ಗೊತ್ತಿಲ್ಲ. ಒಯ್ದ ನೋಡ್ರಿ. ಬರೋಬರಿ ಅನಿಸಿದ್ರ ಇಟ್ಕೋರಿ, ಇಲ್ಲಂದ್ರ ವಾಪಸ್ ಕಳಸ್ರಿ."

ನನಗೆ ಬೇಕಾಗಿದ್ದದ್ದು ಕಬ್ಬಿಣವೇ. ಅಕ್ಕನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿನ ಬಲ ಹೋಗಿದೆ. ತೊಡೆಯಿಂದ ಹಿಮ್ಮಡಿಯವರೆಗೆ ಉಕ್ಕಿನ ಪಟ್ಟಿಗಳಿರುವ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಾಳೆ. ಮೊಣಕಾಲಿನ ಹತ್ತಿರ ಆ ಪಟ್ಟಿಗಳಿಗೆ ಒಂದು ಕೀಲಿದೆ. ನಿಂತಾಗ ಕೀಲಿನ ಮೇಲೆ ಚೌಕದ ಬಳೆಯೊಂದು ಜಾರಿ ಕೂತುಕೊಂಡರೆ ಕಾಲು ಮಡಚುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಕೊಂಡಿ ಎನ್ನುತ್ತೇವೆ. ಅದು ಕೂರುವಾಗ ಟಕ್ ಎಂದು ಸದ್ದಾಗುತ್ತದೆ. ಅಕ್ಕ ಏಳುತ್ತಿದ್ದಾಳೆ ಎಂದು ನಾವು ತಿಳಿಯುವುದು ಆ ಸದ್ದಿನಿಂದಲೇ.

ಹಳೆಯ ಕೊಂಡಿ ಸವೆದಿತ್ತು. ಆ ಮಾದರಿಯ ಬಿಡಿಭಾಗ ಈಗ ಬರುವುದಿಲ್ಲ. ಹೊಸ ಮಾದರಿಯ ಕ್ಯಾಲಿಪರ್ ಹಾಕಿಕೊಂಡರೆ ಅವಳ ತೊಡೆಗೆ ಹುಣ್ಣಾಗುತ್ತದೆ. ಅರದಿಂದ ತಿಕ್ಕಿಸಿ ಮಾಡಿಸಿದ ಕೊಂಡಿ ಕೆಲವು ವಾರ ಚೆನ್ನಾಗಿಯೇ ಇತ್ತು. ಒಂದು ದಿನ ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಅದು ಜಾರಿ ಮೇಲೆದ್ದು ಅಕ್ಕ ಮುಗ್ಗರಿಸಿ ಬಿದ್ದಳು. ಅವಳು ಅಲ್ಲಿಯ ಶಾಲೆಯಲ್ಲಿ ಟೀಚರು. ತನ್ನ ತರಗತಿಯ ಮಕ್ಕಳ ಎದುರಿಗೇ ಬಿದ್ದಳು. ಗದ್ದದ ಗಾಯ ಬೇಗ ಮಾಯಿತು. ಆದರೆ ಅಂದಿನಿಂದ ಮನೆಯೊಳಗೂ ಗೋಡೆ ಹಿಡಿಯದೆ ನಡೆಯುವುದನ್ನು ಬಿಟ್ಟಳು. ಆಮೇಲೆ ಬೇಸಿಗೆ ರಜೆ ಬಂದದ್ದರಿಂದ ಶಾಲೆಗೆ ಹೋಗುವ ಮಾತು ಹಾಗೇ ಉಳಿದಿತ್ತು. ಈಗ ಸೋಮವಾರ ಶಾಲೆ ಶುರು.

ದೊಡ್ಡ ವರ್ಕ್‌ಶಾಪುಗಳಲ್ಲಿ ಕೇಳಿದ್ದೆ. "ಒಂದ್ ಪೀಸಿಗೆ ಮಷೀನ್ ಹಚ್ಚೂದಿಲ್ರಿ, ನೂರ ಇದ್ರ ತೊಗೊಂಡ ಬರ್ರಿ," ಎಂದು ಕಳಿಸಿದ್ದರು. ನೂರು ಮೊಣಕಾಲು ನಾನು ಎಲ್ಲಿಂದ ತರಲಿ? ಕೊಂಡಿ ಮತ್ತೆ ಮತ್ತೆ ಸವೆಯುವಂಥದ್ದು. ಮಷೀನು ಮನೆಯಲ್ಲೇ ಇದ್ದರೆ ಬೇಕಾದಾಗ ಮಾಡಿಕೊಳ್ಳಬಹುದು ಎಂಬ ಆಸೆ ನನ್ನದು. ಅದಕ್ಕೆ ಈ ಆಟಿಕೆಯಂಥ ಯಂತ್ರಕ್ಕೆ ಉಕ್ಕು ಕೊರೆಯುವ ತಾಕತ್ತಿದೆಯೇ, ಕೊರೆದರೂ ಅಳತೆ ನಿಲ್ಲುತ್ತದೆಯೇ ಎಂಬುದನ್ನು ಮೊದಲು ತಿಳಿಯಬೇಕಿತ್ತು. ಅಳತೆ ಕೂದಲೆಳೆಯಷ್ಟು ಹೆಚ್ಚಾದರೆ ಕೊಂಡಿ ಸಡಿಲ, ಕಡಿಮೆಯಾದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅರ್ಧಕ್ಕೆ ಸಿಕ್ಕರೆ ಇನ್ನೂ ಅಪಾಯ. ಕೂತಿದೆ ಎಂದು ನಂಬಿ ಅವಳು ಭಾರ ಬಿಟ್ಟುಬಿಡುತ್ತಾಳೆ.

ಪಡಸಾಲೆಯಲ್ಲಿ ಗಟ್ಟಿ ಮೇಜಿನ ಮೇಲೆ ಅದನ್ನು ಬೋಲ್ಟು ಹಾಕಿ ಕೂರಿಸಿದೆ. ಮೊದಲು ಕಟರಿನ ಜಾಗದಲ್ಲಿ ಪೆನ್ಸಿಲು ಕಟ್ಟಿ ಕಾಗದದ ಮೇಲೆ ಚೌಕ ಬರೆಸಿದೆ. ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಓಡಿಸಿದೆ. ಗೆರೆ ಒಂದೇ ಆಗಿ ಉಳಿಯಿತು. ಅಲ್ಯುಮಿನಿಯಂ ಕೂಡ ಸರಿ ಬಂತು. ಕಬ್ಬಿಣಕ್ಕೆ ಕಟರು ಮುಟ್ಟಿದಾಗ ಮಾತ್ರ ಅದು ಕಿರುಚಿದ ರೀತಿಗೆ ಹಿತ್ತಲಿನ ಎಮ್ಮೆ ಗೂಟ ಕಿತ್ತುಕೊಂಡಿತು. ವೇಗ ಇಳಿಸಿ, ಎಣ್ಣೆ ಬಿಡುತ್ತ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಪದರ ಪದರವಾಗಿ ಕೊರೆಸಿದೆ. ಸರಿಯಾದ ವೇಗ ಹುಡುಕುವುದರಲ್ಲೇ ಇಡೀ ಮಧ್ಯಾಹ್ನ ಹೋಯಿತು. ಕರೆಂಟು ಹೋದರೆ ಏನು ಗತಿ ಎಂದು ನಾನು ಫ್ಯಾನನ್ನೇ ನೋಡುತ್ತ ಕೂತಿದ್ದೆ. ಸಂಜೆ ಅಳೆದು ನೋಡಿದರೆ ಅಳತೆ ಸರಿಯಿತ್ತು. ಅದು ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಮೆತ್ತಗಿನ ಕಬ್ಬಿಣ, ಪರೀಕ್ಷೆಗಷ್ಟೇ. ನಿಜವಾದ ಕೊಂಡಿಗೆ ಒಳ್ಳೆಯ ಉಕ್ಕು ತರಲು ಮರುದಿನ ಗೋಕಾಕಕ್ಕೆ ಹೋದೆ.

ಅಂದು ಅಮಾವಾಸ್ಯೆ. ನಮ್ಮದು ಕುರಿ ಕಾಯ್ದ ಮನೆತನ. ಈಗ ಕುರಿ ಕಡಿಮೆಯಾಗಿ ಯಂತ್ರಗಳು ಹೆಚ್ಚಾಗಿವೆ, ಅಮಾವಾಸ್ಯೆಯ ಪೂಜೆ ಅವಕ್ಕೂ ಸಲ್ಲುತ್ತದೆ. ಪಂಪು, ಬೈಕು, ಮಿಕ್ಸರು ಯಾವುದನ್ನೂ ಅವ್ವ ಬಿಡುವುದಿಲ್ಲ. ನಾನು ಮರಳಿ ಬಂದಾಗ ಹೊಸ ಮಷೀನಿನ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂ, ಮೈಮೇಲೆ ಮನೆದೇವರ ಭಂಡಾರದ ಅರಿಶಿನ. ಅದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ಹೂ ತೆಗೆದು, ಮೇಲಿನ ಪುಡಿ ಒರೆಸಿ, ಕೈಮುಗಿದು ಕೆಲಸ ಶುರು ಮಾಡಿದೆ.

ಕೊಂಡಿ ಸೊಟ್ಟಗೆ ಬಂತು. ಒಂದು ಬದಿಯ ಗೋಡೆ ದಪ್ಪ, ಇನ್ನೊಂದು ತೆಳು. ಉಕ್ಕನ್ನು ಕಚ್ಚಿ ಹಿಡಿಯುವ ವೈಸು ಬಿಗಿ ಮಾಡಿ ಇನ್ನೊಂದು ಕೊರೆಸಿದೆ. ಅದೂ ತಪ್ಪಿತು, ಆದರೆ ಬೇರೆ ಕಡೆಗೆ. ಕಟರು ಬದಲಿಸಿದೆ, ತಪ್ಪು ಮತ್ತೊಂದು ರೀತಿಯಲ್ಲಿ ಬಂತು. ಯಂತ್ರ ಒಂದೇ ತಪ್ಪನ್ನು ಮಾಡುತ್ತಿದ್ದರೆ ತಿದ್ದಬಹುದು. ದಿನಕ್ಕೊಂದು ಮಾತಾಡುವವರನ್ನು ನಂಬುವುದು ಹೇಗೆ?

ಅಕ್ಕ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದಳು. "ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ," ಎಂದು ನಗಿಸಲು ನೋಡಿದಳು. ನಾನು ನಗಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಆಗ್ಲಿಲ್ಲಂದ್ರ ರಜಾ ಹಾಕ್ತೀನಿ ಬಿಡ ತಮ್ಮಾ," ಎಂದಳು. ಜ್ವರ ಬಂದರೂ ರಜೆ ಹಾಕದವಳು. ಆ ಮಾತಿನಿಂದ ನನಗೆ ಭಯವೇ ಆಯಿತು. ಒಮ್ಮೆ ಮನೆಯಲ್ಲಿ ಕೂತಳೆಂದರೆ ಇವಳು ಮತ್ತೆ ಏಳುವುದಿಲ್ಲ ಎನಿಸಿತು.

ಆ ಭಯವೆಲ್ಲ ಸಿಟ್ಟಾಗಿ ಮೂಡಲಗಿಯವರ ಮೇಲೆ ತಿರುಗಿತು. ಮೋಸ ಹೋದೆ, ಕೆಟ್ಟ ಮಷೀನು ನನ್ನ ತಲೆಗೆ ಕಟ್ಟಿದರು ಎಂದುಕೊಂಡು ಫೋನು ಮಾಡಿ ದನಿ ಏರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿನ್ನಿ ಬರೋಬರಿ ಇತ್ತು ಅಂತೀರಿ, ಇವತ್ತ ಇಲ್ಲ ಅಂತೀರಿ," ಎಂದರು. "ನಡುವ ಏನಾರ ಆಗಿರಬೇಕಲ್ರಿ. ಮೇಜಿನ ಕೆಳಗ ಉದ್ದನ್ನ ಸ್ಕ್ರೂ ಐತಿ, ಅದರ ಮ್ಯಾಲಿನ ರಬ್ಬರ್ ತಗದ ನೋಡ್ರಿ."

ತೆಗೆದು ನೋಡಿದೆ. ಸ್ಕ್ರೂವಿನ ಗ್ರೀಸೆಲ್ಲ ಗಟ್ಟಿಯಾಗಿ ಹಳದಿ ಮುದ್ದೆಯಾಗಿತ್ತು. ಭಂಡಾರ. ಮೇಲೆ ಎರಚಿದ್ದು ಅಷ್ಟು ಒಳಗೆ ಹೋಗುವುದಿಲ್ಲ, ರಬ್ಬರು ಎತ್ತಿ ಮುಷ್ಟಿ ತುಂಬ ಹಾಕಿದ್ದು ಅದು. ಮೇಜು ಸರಿಯುವಾಗ ಅಲ್ಲಲ್ಲಿ ತಡೆಯುತ್ತಿತ್ತು. ಈ ಅಗ್ಗದ ಯಂತ್ರಗಳ ಕೊರತೆಯೇ ಅದು. ಹೋಗು ಎಂದಷ್ಟು ದೂರ ತಾನು ಹೋಗಲಿಲ್ಲ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಮುಟ್ಟಿದೆ ಎಂದುಕೊಂಡು ಮುಂದಿನ ಕೆಲಸಕ್ಕೆ ಹೊರಡುತ್ತದೆ.

ನಾನು ಅಡುಗೆಮನೆಯ ಕಡೆಗೆ ಬಾಯಿ ತೆರೆದೆ. ಅಕ್ಕ ನನ್ನ ಅಂಗಿ ಹಿಡಿದು ಎಳೆದಳು. "ಅವ್ವಗ ಹೇಳಬ್ಯಾಡ," ಎಂದಳು. "ಆಕಿ ನನ್ನ ಸಲುವಾಗಿ ಹಾಕ್ಯಾಳ."

ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ, ಬನಿಯನ್ ಬಟ್ಟೆ ತಂದು ಸದ್ದಿಲ್ಲದೆ ತಿಕ್ಕತೊಡಗಿದೆ. ಚಹ ತಂದ ಅವ್ವ ಏನದು ಎಂದು ಕೇಳಿದಳು. ಹಳೇ ಗ್ರೀಸು ಎಂದೆ. ಅವಳು ಬಗ್ಗಿ ಬಟ್ಟೆ ಎತ್ತಿಕೊಂಡು ಮೂಸಿದಳು. ಸೀಮೆಎಣ್ಣೆಯ ವಾಸನೆಯಲ್ಲೂ ಅರಿಶಿನದ ವಾಸನೆ ಅವಳಿಗೆ ಸಿಗದೆ ಇರುತ್ತದೆಯೇ? ಚಹದ ಲೋಟ ಕೆಳಗಿಟ್ಟು ಅಲ್ಲೇ ಕೂತಳು.

"ಜೀವ ಎಲ್ಲಿರ್ತೈತೋ ಅಲ್ಲಿ ಹಾಕಬೇಕಂತ ಒಳಗ ಹಾಕಿದ್ನಿ," ಎಂದಳು. "ಆಕಿ ಬೀಳಬಾರದು ಅಂತ."

ನಾನು ತಿಕ್ಕುತ್ತಲೇ ಇದ್ದೆ. ಅವ್ವನ ಮೇಲೆ ಬರಬೇಕಾಗಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಹೊಸ ಗ್ರೀಸು ಹಚ್ಚಿ ಮತ್ತೆ ಕೊರೆಸಿದ ಕೊಂಡಿ ಅಳತೆಗೆ ಸರಿಯಾಗಿ ಬಂತು. ಅಂಚು ತಿಕ್ಕಿ ಕೂರಿಸಿದೆ, ಟಕ್ ಎಂದಿತು. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಕ್ಯಾಲಿಪರನ್ನು ಅಂಗಡಿಗೆ ಒಯ್ದು ದೊಡ್ಡ ವೈಸಿಗೆ ಕಚ್ಚಿಸಿ ನಾನೇ ಅದಕ್ಕೆ ಜೋತುಬಿದ್ದೆ. ಪಕ್ಕದ ಅಂಗಡಿಯವರು ಬಂದು ನೋಡಿ ಏನೂ ಕೇಳದೆ ಹೋದರು. ಕೊಂಡಿ ಅಲುಗಲಿಲ್ಲ. ಮೂಡಲಗಿಗೆ ಫೋನು ಮಾಡಿ, ತಪ್ಪಾಯಿತು, ಮಷೀನು ಇಟ್ಟುಕೊಳ್ಳುತ್ತೇನೆ ಎಂದೆ. ಕಾರಣ ಕೇಳಿದರು, ಹೇಳಿದೆ.

"ನಮ್ಮ ಮನ್ಯಾಗೂ ಪೂಜಿ ಮಾಡ್ತಾರ್ರಿ," ಎಂದರು. "ಖರೆ, ನಾವ ಕುಂಕಮಕ್ಕ ನಿಲ್ಲಸ್ತೇವಿ."

ಸೋಮವಾರ ಅಕ್ಕ ಸೀರೆ ಉಟ್ಟು, ಕ್ಯಾಲಿಪರ್ ಕಟ್ಟಿಕೊಂಡು ಹೊಸ್ತಿಲ ಹತ್ತಿರ ನಿಂತಳು. ಅವಳು ಹೊರಡುವಾಗ ಹಣೆಗೂ ಮೊಣಕಾಲಿಗೂ ಭಂಡಾರ ಹಚ್ಚುವುದು ಅವ್ವನ ಪದ್ಧತಿ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅಂದು ಅವ್ವ ಬಟ್ಟಲು ಹಿಡಿದು ಗೋಡೆಗೆ ಆನಿಕೊಂಡೇ ನಿಂತಿದ್ದಳು. ಅಕ್ಕ ಹಣೆ ಮುಂದೆ ಮಾಡಿ ಕಾದಳು. ಅವ್ವ ಬಂದು ಹಣೆಗೆ ಹಚ್ಚಿದಳು. ಮೊಣಕಾಲಿಗೆ ಹಚ್ಚಲು ಸೀರೆ ಸರಿಸಿ ಬಗ್ಗಿದವಳ ಬೆರಳು ಕೊಂಡಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ತಲೆ ಎತ್ತಿ ನನ್ನನ್ನು ನೋಡಿದಳು. ದೇವರ ಕೆಲಸಕ್ಕೆ ಅವಳು ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ.

"ಇಲ್ಲಿ ಹಚ್ಚಿದ್ರ ನಡೀತೈತೇನೋ ಯಪ್ಪಾ?"

ಕೀಲಿನೊಳಗೆ ಒಂದು ಕಣ ಹೋದರೂ ಏನಾಗಬಹುದು ಎಂದು ನನ್ನ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು.

"ಹಚ್ಚವ್ವಾ," ಎಂದೆ. "ಮ್ಯಾಲ ಹಚ್ಚು."

ಹುಕ್ಕೇರಿ ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ನಾನು ಹಿಂದೆ ಕೈ ಚಾಚಿಕೊಂಡು ನಿಂತಿದ್ದೆ. ಅಕ್ಕ ಕಂಬಿ ಹಿಡಿದು ಹತ್ತಿದಳು, ಬಸ್ಸು ಹೋಯಿತು. ಅಂಗಡಿಯಲ್ಲಿ ಆ ದಿನ ನಾನು ಒಂದು ಪಂಪನ್ನು ಬಿಚ್ಚಿ ಮತ್ತೆ ಹಾಗೇ ಜೋಡಿಸಿಟ್ಟೆ. ಫೋನು ಬಂದಾಗಲೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಎತ್ತಿಕೊಂಡೆ. ಎಲ್ಲ ಗಿರಾಕಿಗಳದ್ದೇ.

ಸಂಜೆ ನಾನೂ ಅವ್ವನೂ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದೆವು. ಅಕ್ಕ ರಸ್ತೆಯ ನಡುವೆಯೇ ನಡೆದು ಬಂದಳು, ಯಾವ ಗೋಡೆಯ ಪಕ್ಕಕ್ಕೂ ಹೋಗಲಿಲ್ಲ. ಬಂದು ಕೂತು, ಸೀರೆ ಸ್ವಲ್ಪ ಸರಿಸಿ, ಕೊಂಡಿ ಮೇಲೆತ್ತಿ ಕಾಲು ಮಡಚಿದಳು. ಅವ್ವ ಹಚ್ಚಿದ ಹಳದಿ ಇನ್ನೂ ಅಲ್ಲೇ ಇತ್ತು.

ನಾವು ಕೇಳುವ ಮೊದಲೇ ಅವಳೇ ಹೇಳಿದಳು.

"ಏನೂ ಆಗ್ಲಿಲ್ಲವ್ವಾ."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಚಹಕ್ಕೆ ಇಡಲು ಒಳಗೆ ಹೋದಳು.